ಮಗಳಿಗೆ ನಮ್ಮ ಕಾಲದ ಮೋಗ್ಲಿ ಹಿಡಿಸೋದು ಹೇಗೆ?

ಕೊಪ್ಪಳದಿಂದ: ಮಗಳಿಗೆ ಆರು ವರ್ಷ. ನಾನು ಚಿಕ್ಕವಳಿದ್ದಾಗ ಕಣ್ಣು ಮಿಟುಕಿಸದೆ ನೋಡಿದ ಮೋಗ್ಲಿಯ ಜಂಗಲ್ ಬುಕ್ ಕಾರ್ಟೂನನ್ನು ಮೊಬೈಲ್‌ನಲ್ಲಿ ಹಾಕಿಕೊಟ್ಟೆ. ಐದೇ ನಿಮಿಷ. 'ಅಮ್ಮಾ, ಹಿಂದಿ ತಿಳಿಯಲ್ಲ, ಬೇರೆ ಹಾಕು' ಅಂದಳು. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ರಾಯಚೂರಿನಿಂದ: ಅಕ್ಕಾ, ಹಿಂದಿ ನಮಗೆ ಮಾತ್ರ ಎಲ್ಲಿ ತಿಳಿಯುತ್ತಿತ್ತು? 1993ರಲ್ಲಿ ಅದು ದೂರದರ್ಶನದಲ್ಲಿ ಬಂದಾಗ ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಎರಡೇ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಹಾಗೇ ಓಡುತ್ತಿದ್ದೆವು. 'ಗೋಡೆಗೆ ತಲೆ ಆನಿಸಬೇಡ್ರೋ' ಅಂತ ಆ ಮನೆಯ ಅಜ್ಜಿ ಬಾಗಿಲಲ್ಲೇ ಗದರುತ್ತಿದ್ದರು. ಆದರೂ ಸುಣ್ಣದ ಗೋಡೆಯ ಮೇಲೆ ಸಾಲಾಗಿ ಎಣ್ಣೆ ಕಲೆ! ಉರ್ದು ಶಾಲೆಗೆ ಹೋಗುತ್ತಿದ್ದ ಪಕ್ಕದ ಮನೆ ಹುಡುಗ ನಮಗೆಲ್ಲ ಅರ್ಥ ಹೇಳುವವನು. ಎಷ್ಟೋ ವರ್ಷದ ಮೇಲೆ ಮತ್ತೆ ನೋಡಿದಾಗ ಗೊತ್ತಾಯಿತು, ಅರ್ಧ ಕಥೆ ಅವನದ್ದೇ. ನಾನಾ ಪಾಟೇಕರ್ ದನಿಯ ಹುಲಿ ಶೇರ್ ಖಾನ್‌ಗೆ ನಮ್ಮ ಓಣಿಯಲ್ಲಿ ಒಬ್ಬ ತಮ್ಮನೂ ಇದ್ದ! ಮೊಬೈಲ್ ಕೈಗೆ ಕೊಟ್ಟು ಅಡುಗೆ ಮನೆಗೆ ಹೋಗಬೇಡಿ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ. ನನ್ನ ಮಗ ಕೂತು ನೋಡಿದ್ದು ಹಾಗೇ.

ಬಳ್ಳಾರಿಯಿಂದ: ನಾನು ಒಂದೇ ದಿನ ಏಳೆಂಟು ಕಂತು ಹಾಕಿ ಕೆಡಿಸಿಕೊಂಡೆ. ಇರೋದು 52 ಕಂತು, ವಾರಕ್ಕೊಂದು ಸಾಕು. ಆಮೇಲೆ ಮಗಳನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋದೆ. ಬಂಡೆಗೆ ಬೆಲ್ಲ, ಜೇನು ಹಚ್ಚಿಟ್ಟಿರುತ್ತಾರೆ, ಮಧ್ಯಾಹ್ನದ ಮೇಲೆ ಕರಡಿಗಳು ನೆಕ್ಕಲು ಬರುತ್ತವೆ. ಮನೆಗೆ ಬಂದವಳೇ 'ಬಾಲೂ ಕರಡಿ ಹಾಕು' ಅಂದಳು.

ಸಿಂಧನೂರಿನಿಂದ: ನಾನು ಚಿಂಟು ಟಿವಿ ಕಾಲದವನು. ಅದು 2009ರಲ್ಲಿ ಶುರುವಾದಾಗ ಕಾರ್ಟೂನ್‌ಗಳು ಕನ್ನಡ ಮಾತಾಡಿದ್ದು ಕೇಳಿ ಅಜ್ಜಿಯೂ ಬಂದು ಕೂತಿದ್ದಳು. ಬಲವಂತ ಜಾಸ್ತಿ ಆದ್ರೆ ಮಕ್ಕಳು ಓಡ್ತಾರೆ ಅಕ್ಕಾ. ಮೊದಲು ಅವಳ ಕಾರ್ಟೂನ್ ನೀವು ಒಂದು ದಿನ ಸುಮ್ನೆ ಕೂತು ನೋಡಿ. ಅಂದಹಾಗೆ, ನಿಮ್ಮ ಮೋಗ್ಲಿಯೂ ಜಪಾನಿನವರು ಮಾಡಿದ್ದು, ಅಲ್ವಾ? ಈಗಿನ ಮಕ್ಕಳು ಜಪಾನ್ ಕಾರ್ಟೂನ್ ನೋಡಿ ಹಾಳಾದರು ಅನ್ನುವವರಿಗೆ ಇದನ್ನು ಹೇಳಬೇಕು.

ಮತ್ತೆ ಕೊಪ್ಪಳದಿಂದ: ನಿನ್ನೆ ಪಕ್ಕದಲ್ಲಿ ಕೂತೆ. ನನ್ನ ಹಿಂದಿಯೂ ಅಷ್ಟಕ್ಕಷ್ಟೇ, ಶೇರ್ ಖಾನ್‌ಗೆ ಒಬ್ಬ ತಂಗಿಯನ್ನು ಸೇರಿಸಿಬಿಟ್ಟೆ. ಪೂರ್ತಿ ಕಂತು ನೋಡಿದಳು. ಬೆಳಿಗ್ಗೆಯಿಂದ ಒಂದೇ ಪ್ರಶ್ನೆ: 'ಆ ತಂಗಿ ಯಾವಾಗ ಬರ್ತಾಳೆ?'