ಪುಣೆಯಲ್ಲಿ ಟೆರೇಸ್ ಮೇಲೆ ಕುಸುಬೆ ಬೆಳೆಸಿದೋರು ಯಾರಾದ್ರೂ ಇದ್ದೀರಾ?

ಕೊಥ್ರೂಡ್_ಟೆರೇಸ್:
ನಮಸ್ಕಾರ ಎಲ್ರಿಗೂ. ನಾವಿರೋದು ಪುಣೆ ಕೊಥ್ರೂಡಲ್ಲಿ, ಟಾಪ್ ಫ್ಲೋರು, ಸೊಸೈಟಿಯವರು ಟೆರೇಸ್ ಬಳಸೋಕೆ ಒಪ್ಪಿದ್ದಾರೆ, ಮೆಂತ್ಯ ಟೊಮೆಟೊ ಬದನೆ ಎಲ್ಲಾ ಚೆನ್ನಾಗೇ ಬರ್ತಿದೆ. ನಮ್ಮತ್ತೆ ವಿಜಯಪುರದ ಕಡೆಯವರು, ಈ ಸಲ ಕುಸುಬಿ ಹಾಕು ಕುಸುಬಿ ಹಾಕು ಅಂತ ಹಿಡ್ಕೊಂಡಿದ್ದಾರೆ, ನಾನು ಮೈಸೂರವಳು, ಎಣ್ಣೆ ಬಾಟಲಿ ಮೇಲಿನ ಚಿತ್ರ ಬಿಟ್ರೆ ಆ ಗಿಡ ನೋಡೇ ಇಲ್ಲ. ಕಿರಾಣಿ ಅಂಗಡೀಲಿ ಸಿಗೋ ಕಾಳನ್ನೇ ಬಿತ್ತಬಹುದಾ? ಯಾವಾಗ ಹಾಕ್ಬೇಕು, ಪಾಟ್ ಎಷ್ಟು ದೊಡ್ಡದಿರ್ಬೇಕು? ಮುಳ್ಳು ತುಂಬಾ ಅಂತಾರೆ, ಮನೇಲಿ ಚಿಕ್ಕ ಮಗು ಇದೆ, ಅದೊಂದು ಭಯ. ಆಮೇಲೆ ಮುಖ್ಯವಾಗಿ, ಹತ್ತು ಪಾಟ್ ಇಟ್ರೆ ಮನೆಗಾಗೋಷ್ಟು ಎಣ್ಣೆ ಬರುತ್ತಾ?

ಹಡಪ್ಸರ್_ರೊಟ್ಟಿ:
ಅಕ್ಕಾರ, ಮೊದಲ ಎಣ್ಣಿ ಆಸೆ ಬಿಡ್ರಿ 😄 ಲೆಕ್ಕ ಹಾಕೂಣ. ಚಲೋ ಬೆಳೆದ ಒಂದು ಗಿಡಕ್ಕ ಹದಿನೈದಿಪ್ಪತ್ತು ಕಾಯಿ, ಕಾಯಿಗೆ ಇಪ್ಪತ್ತರ ಆಸುಪಾಸು ಕಾಳು, ನೂರು ಕಾಳು ತೂಗಿದ್ರ ಐದು ಗ್ರಾಂ ಆಗ್ತದ, ಅಂದ್ರ ಒಂದು ಗಿಡದಾಗ ಹೆಚ್ಚಂದ್ರ 20 ಗ್ರಾಂ. ಗಾಣದಾಗ ಒಂದು ಲೀಟರ್ ಎಣ್ಣಿ ತಗೀಬೇಕಂದ್ರ ನಾಕು ಕೆಜಿ ಆದ್ರೂ ಕಾಳು ಬೇಕು. ಇನ್ನೂರು ಗಿಡ ಆತಲ್ಲ, ನಿಮ್ಮ ಸೊಸೈಟಿ ಟೆರೇಸ್ ಪೂರ್ತಿ ಕೊಟ್ರೂ ಸಾಲಂಗಿಲ್ಲ. ಎಣ್ಣಿ ಬೇಕಾದ್ರ ಪುಣೆದಾಗ ಕಟ್ಟಿಗಿ ಗಾಣ ಬೇಕಾದಷ್ಟು ಅದಾವ, ಅಲ್ಲೇ ತಗೋರಿ.

ಆದ್ರ ಕುಸುಬಿ ಹಾಕ್ರಿ, ಪಲ್ಯದ ಸಲುವಾಗಿ ಹಾಕ್ರಿ. ನಿಮ್ಮ ಅತ್ತಿ ಕೇಳ್ಲಿಕತ್ತಿದ್ದೂ ಅದನ್ನ ಇರಬೇಕು ನೋಡ್ರಿ. ಎಳೀ ಎಲಿ ಹೆಚ್ಚಿ, ಹೆಸರುಬ್ಯಾಳಿ ಹಾಕಿ, ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ರ ಬಿಸಿ ರೊಟ್ಟಿ ಜೋಡಿ ಬ್ಯಾರೆ ಏನೂ ಬ್ಯಾಡ. ಇಲ್ಲಿ ಮಂಡಈದಾಗ, ಅಂದ್ರ ಕಾಯಿಪಲ್ಲೆ ಮಾರ್ಕೆಟ್‌ನಾಗ, ಚಳಿಗಾಲದಾಗ ಮರಾಠಿಯೊಳಗ ಕರಡಈ ಭಾಜಿ ಅಂತ ಸೂಡು ಕಟ್ಟಿ ಮಾರತಾರ, ಅದ ಇದು. ಬೀಜ ಕೇಳಬೇಕಾದ್ರೂ ಕರಡಈ ಅಂತನ ಕೇಳ್ರಿ.

ಕಿರಾಣಿ ಕಾಳು ಹೊಸಾದಿದ್ರ ನಾಟತದ, ಹಳೇದಿದ್ರ ಇಲ್ಲ. ಒಂದು ಹಿಡಿ ಒದ್ದೀ ಬಟ್ಟ್ಯಾಗ ಕಟ್ಟಿ ಇಟ್ಟು ನೋಡ್ರಿ, ಅರ್ಧಕ್ಕಿಂತ ಹೆಚ್ಚು ಮೊಳಕಿ ಬಂದ್ರ ಬಿತ್ತರಿ. ಇಲ್ಲಾಂದ್ರ ಬೀಜದ ಅಂಗಡ್ಯಾಗ ತಗೋರಿ, ನಮ್ಮ ಕಡೆ ಅಣ್ಣಿಗೇರಿ-1 ಅನ್ನೂ ಹಳೀ ತಳಿ ಅದ, ಅದಕ್ಕ ಮುಳ್ಳು ಜಾಸ್ತಿ. ಫಲಟಣದ ನಿಂಬ್ಕರ್ ಸಂಸ್ಥೆಯವರು ತಗದ ನಾರಿ-6 ಮುಳ್ಳಿಲ್ಲದ್ದು, ಕೂಸು ಇದ್ದ ಮನಿಗೆ ಅದ ಹುಡುಕ್ರಿ. ಅಂಗಡಿ ಬೀಜಕ್ಕ ಔಷಧಿ ಸವರಿರ್ತಾರ, ಉಳಿದದ್ದು ಅಂತ ಅಡಿಗಿಗೆ ಹಾಕ್ಬ್ಯಾಡ್ರಿ ಮತ್ತ.

ಬಿತ್ತೂದು ಯಾವಾಗ ಅಂದ್ರ, ಇದು ಹಿಂಗಾರಿ ಬೆಳಿ, ಹಸ್ತ ಮಳಿ ಮುಗದು ಚಿತ್ತಿ ಮಳಿ ಬರೂ ಹೊತ್ತಿಗೆ, ಅಂದ್ರ ಅಕ್ಟೋಬರ್ ಎರಡನೇ ವಾರ. ಪುಣೆ ಮಳಿ ಅಷ್ಟರಾಗ ತಣ್ಣಗಾಗಿರ್ತದ. ಇನ್ನ ತಡಾ ಮಾಡಿದ್ರಿ ಅಂದ್ರ ಗಿಡ ಇನ್ನೂ ಎಳೇದಿರೂವಾಗ ಹೇನು ಬೀಳತಾವ. ಹೇನು ಅಂದ್ರ ಕರೀ ಸಣ್ಣ ಹುಳ, ದೇಟಿಗೆ ಒತ್ತೊತ್ತಾಗಿ ಅಂಟಿಕೊಂಡು ರಸ ಹೀರ್ತಾವ, ಕೆಳಗಿನ ಎಲಿ ಮುಟ್ಟಿದ್ರ ಜಿಗಿಜಿಗಿ ಹತ್ತತದ, ಇರಿವಿ ಸಾಲು ಹಚ್ಚಿದ್ದು ಕಂಡ್ರ ಹೇನು ಬಂದಾವ ಅಂತನ ತಿಳೀರಿ. ಪೈಪಿನ ನೀರು ಜೋರಾಗಿ ಬಿಟ್ಟು ಉದುರಿಸ್ರಿ, ಮರುದಿನ ಬೇವಿನೆಣ್ಣಿ ಸೋಪ್ ನೀರಾಗ ಕಲಿಸಿ ಹೊಡೀರಿ.

ಬೇರು ಸೀದಾ ಆಳಕ್ಕ ಹೋಗ್ತದ, ಅದಕ್ಕ ಅಗಲಕ್ಕಿಂತ ಆಳ ನೋಡಿ ಗ್ರೋ ಬ್ಯಾಗ್ ತಗೋರಿ, ಒಂದೂವರಿ ಫೂಟ್ ಇದ್ರ ಚಲೋ. ಟ್ರೇದಾಗ ಸಸಿ ಮಾಡಿ ಕಿತ್ತು ಹಚ್ಚೂದು ಬ್ಯಾಡ, ಬೇರಿಗೆ ಪೆಟ್ಟಾದ್ರ ಗಿಡ ಸುಧಾರಿಸಂಗಿಲ್ಲ. ಎರೀ ಮಣ್ಣು ಸಿಕ್ರ ಅರ್ಧ ಅದು, ಉಳಿದದ್ದು ಗೊಬ್ಬರ ಉಸುಕು. ಒಂದೂವರಿ ಇಂಚು ಆಳಕ್ಕ ಬೀಜ ಹಾಕಿ, ಒಂದು ವಾರದಾಗ ಹುಟ್ಟತಾವ. ಮೊದಲ ದಟ್ಟಾಗಿ ಹಾಕ್ರಿ, ಮೂರು ವಾರದ ಮ್ಯಾಲೆ ನಡುನಡುವಿನ ಗಿಡ ಕಿತ್ತು ಪಲ್ಯ ಮಾಡ್ರಿ, ಬ್ಯಾಗಿಗೆ ಎರಡ ಗಿಡ ಉಳಿಸ್ರಿ. ಆವಾಗ ಎಲಿ ನೆಲಕ್ಕ ಹರವಿಕೊಂಡಿರ್ತದ, ಮುಳ್ಳು ಇರಂಗಿಲ್ಲ, ದಂಟು ಮ್ಯಾಲೆ ಏಳ್ಲಿಕ್ಕೆ ಶುರು ಆದಮ್ಯಾಲ ಎಲಿ ಬಿರುಸಾಗಿ ಮುಳ್ಳು ಬರ್ತಾವ, ಆಮ್ಯಾಲ ಪಲ್ಯಕ್ಕ ಬರಂಗಿಲ್ಲ.

ನೀರು ಮಾತ್ರ ಕೈ ಬಿಗಿ ಹಿಡೀರಿ. ಟೊಮೆಟೊಕ್ಕ ಹಾಕಿದಂಗ ದಿನಾ ಹಾಕಿದ್ರ ಬೇರು ಕೊಳತು ಒಂದ ದಿನದಾಗ ಗಿಡ ಬಾಡ್ತದ. ಮ್ಯಾಲಿನ ಎರಡು ಇಂಚು ಮಣ್ಣು ಒಣಗಿದ ಮ್ಯಾಲ ಹಾಕ್ರಿ, ಸಾಕು.

ಅಂಧೇರಿ_ಬಾಲ್ಕನಿ:
ನಮ್ಮದು ಮುಂಬೈ ಮಾರಾಯ್ರೇ, ಬಾಲ್ಕನಿಗೆ ಬೆಳಿಗ್ಗೆ ಮೂರು ಗಂಟೆ ಬಿಸಿಲು ಬಂದ್ರೆ ಅದೇ ಭಾಗ್ಯ. ಗಿಡ ಸಪೂರ ಆಗಿ ಉದ್ದ ಹೋಗಿ ಬೀಳ್ತದೆ. ಹಾಗಾಗಿ ನಾನು ಹೂವಿನ ಆಸೆಯೇ ಇಡುವುದಿಲ್ಲ, ಸೊಪ್ಪಿಗೆ ಮಾತ್ರ ಹಾಕುವುದು, ಕಿತ್ತ ಮೇಲೆ ಪುನಃ ಬಿತ್ತುವುದು. ಪೂರ್ತಿ ಬಿಸಿಲಿಲ್ಲದವರು ಹೀಗೇ ಮಾಡಿ.

ಪೋಂಡಾ_ಹಿತ್ತಲು:
ಗೋವಾದವರು ಯಾರಾದ್ರೂ ಓದ್ತಿದ್ರೆ, ಅಕ್ಟೋಬರ್ ಎರಡನೇ ವಾರ ನಮಗೆ ಆಗಲ್ಲ ರೀ. ಇಲ್ಲಿ ಆಗಲೂ ಮಳೆ ಇರುತ್ತೆ, ಮಳೆ ನಿಂತ್ರೂ ಗಾಳಿಯಲ್ಲಿ ಪಸೆ ಹೋಗಲ್ಲ, ಎಲೆ ಮೇಲೆ ಕಂದು ಚುಕ್ಕೆ, ಚುಕ್ಕೆ ಒಳಗೆ ಉಂಗುರ ಉಂಗುರ ಬಂದು ಕೆಳಗಿಂದ ಒಣಗ್ತಾ ಬರುತ್ತೆ. ನಾನು ನವೆಂಬರ್ ಶುರುವಿಗೆ ಹಾಕ್ತೀನಿ, ಗಿಡ ದೂರ ದೂರ, ನೀರು ಬುಡಕ್ಕೆ ಮಾತ್ರ. ಹೇನು ಬರ್ತವೆ ನಿಜ, ಆದ್ರೆ ಹೇನು ತೊಳೆದ್ರೆ ಹೋಗುತ್ತೆ, ಈ ಚುಕ್ಕೆ ರೋಗ ಹೋಗಲ್ಲ. ಜಂಬಿಟ್ಟಿಗೆ ಮಣ್ಣಿಗೆ ಗೊಬ್ಬರ ಚೆನ್ನಾಗಿ ಬೆರೆಸ್ಬೇಕು ಅನ್ನೋದು ಬೇರೆ ಹೇಳ್ಬೇಕಿಲ್ಲ.

ಕೊಥ್ರೂಡ್_ಟೆರೇಸ್:
ಅಬ್ಬಾ ಎಷ್ಟೊಂದು ವಿಷಯ, ಎಲ್ರಿಗೂ ಥ್ಯಾಂಕ್ಸ್! ಅತ್ತೆಗೆ ಓದಿ ಹೇಳ್ದೆ, ಪಲ್ಯ ಅಂದ ತಕ್ಷಣ ನಕ್ಕರು, ಅದೇ ಬೇಕಿತ್ತಂತೆ. ಹೂವಿನ ಬಗ್ಗೆ ಯಾರೂ ಹೇಳ್ಲಿಲ್ಲ, ಅದನ್ನ ಕೇಸರಿ ಅಂತ ಮಾರ್ತಾರಂತಲ್ಲ ನಿಜಾನಾ? ಮತ್ತೆ ಉಳಿದ ಗಿಡದಿಂದ ಕಾಳು ಹೇಗೆ ತೆಗೆಯೋದು?

ಹಡಪ್ಸರ್_ರೊಟ್ಟಿ:
ಖರೇ ಅದರೀ. ಎಸಳು ಒಣಗಿಸಿದ್ರ ನೋಡ್ಲಿಕ್ಕೆ ಹಂಗ ಕಾಣಸ್ತದ, ಆದ್ರ ಕೇಸರಿ ವಾಸನಿ ಇಲ್ಲ, ನೀರಾಗ ಹಾಕಿದ್ರ ಲಗೂನ ಹಳದಿ ಬಿಡ್ತದ. ಹೂವು ಬಿಡೂದು ಬಿತ್ತಿ ಎರಡೂವರಿ ಮೂರು ತಿಂಗಳಿಗೆ, ಮೊದಲ ನೆತ್ತಿ ಮ್ಯಾಲಿಂದು, ಆಮ್ಯಾಲ ಟೊಂಗಿವು. ಅರಳಿದಾಗ ಹಳದಿ, ಬಾಡೂ ಹೊತ್ತಿಗೆ ಕೆಂಪಗ. ಬಾಡಿದಮ್ಯಾಲ ಎಸಳು ಹಗೂರಕ ಕಿತ್ಕೋರಿ, ಕಾಳಿಗೆ ಏನೂ ಆಗಂಗಿಲ್ಲ. ಹಿಂದಕ ಅದರಿಂದನ ಅರಿವಿಗೆ ಬಣ್ಣ ಹಾಕ್ತಿದ್ರು, ಹಳದಿ ನೀರಾಗ ತೊಳದು ಹೋಗ್ತದ, ಕೆಂಪು ಬೇಕಾದ್ರ ವಾಷಿಂಗ್ ಸೋಡಾ ಕಲಿಸಿದ ನೀರಾಗ ನೆನೆಹಾಕಿ ಆಮ್ಯಾಲ ಲಿಂಬಿಹುಳಿ ಹಿಂಡಬೇಕು.

ಹೂವಾಗಿ ಒಂದು ತಿಂಗಳಿಗೆ ಗಿಡ ಪೂರ್ತಿ ಕಂದು ಆಗ್ತದ, ಫೆಬ್ರುವರಿ ಮುಗಿಯೂ ಟೈಮ್. ಒಂದು ಕಾಯಿ ಒಡದು ನೋಡ್ರಿ, ಕಾಳು ಬೆಳ್ಳಗ ಗಟ್ಟಿ ಇದ್ರ ಕೊಯ್ಯೂದ. ಮುಳ್ಳಿನ ತಳಿ ಇದ್ರ ನಸಕಿನ್ಯಾಗ ಕೊಯ್ರಿ, ಇಬ್ಬನಿಗೆ ಮುಳ್ಳು ಮೆತ್ತಗಿರ್ತಾವ, ಬಿಸಿಲೇರಿದ್ರ ಕೈ ಹಾಕಾಕಾಗಂಗಿಲ್ಲ. ನಾಕು ದಿನ ಒಣಗಿಸಿ, ಹಾಸಿಗಿ ಚಾದರ ಮ್ಯಾಲ ಹಾಕಿ ಬಡಗೀಲೆ ಬಡದು, ಮೊರದಾಗ ಕೇರಿದ್ರ ಮುಗೀತು. ಹತ್ತು ಬ್ಯಾಗಿಗೆ ಕಾಲು ಕೆಜಿ ಮ್ಯಾಲ ಬಂದ್ರ ಬಂತು. ಅಷ್ಟರಾಗ ಒಂದಿಷ್ಟು ನೆನೆಹಾಕಿ ರುಬ್ಬಿ ಸೋಸಿ ಕುಸುಬಿ ಹಾಲು ತಗದು ಬೆಲ್ಲ ಹಾಕಿ ಹುಗ್ಗಿ ಮಾಡಸ್ರಿ, ನಿಮ್ಮ ಅತ್ತಿಗೆ ಗೊತ್ತಿರ್ತದ. ಒಂದು ಹಿಡಿ ಮುಂದಿನ ವರ್ಷಕ್ಕ ಡಬ್ಬ್ಯಾಗ ಇಡ್ರಿ, ಹೈಬ್ರಿಡ್ ತಂದಿದ್ರ ಮಾತ್ರ ಹೊಸಾ ಬೀಜನ ತರಬೇಕಾಗ್ತದ.