ಪೂಲ್ ಕಲೆ: ಯಾರೂ ಈಗಲೇ ಆ್ಯಸಿಡ್ ತೊಳೆಸಬೇಡಿ

ಮನೆ 12
ನಮ್ಮೆಲ್ಲರ ಮನೆಗಳಿಗೆ ಬರುವ ಹೊಸ ಬೋರ್‌ವೆಲ್ ನೀರು ತುಂಬಿಸಿದ ಮೇಲೆ ಪೂಲ್‌ನಲ್ಲಿ ಕಲೆ ಎದ್ದಿದೆ ಎಂದು ಸಾಲು ಸಾಲು ದೂರು ಬಂದಿದೆ. ಆದರೆ ಫೋಟೊಗಳನ್ನು ಒಟ್ಟಿಗಿಟ್ಟು ನೋಡಿದರೆ ಎಲ್ಲವೂ ಒಂದೇ ಜಾತಿಯ ಕಲೆ ಅಲ್ಲ. ಆ್ಯಸಿಡ್ ತೊಳೆತ ಎಂದರೆ ಪ್ಲಾಸ್ಟರಿನ ಮೇಲ್ಪದರವನ್ನೇ ಕರಗಿಸಿ ತೆಗೆಯುವುದು. ನೀರಿನಲ್ಲಿ ಕಬ್ಬಿಣ ಉಳಿದಿದ್ದರೆ, ಒರಟಾದ ಆ ಮೈಮೇಲೆ ಕಲೆ ಇನ್ನೂ ಬೇಗ ಹಿಡಿಯುತ್ತದೆ. ಮೊದಲು ಪರೀಕ್ಷೆ ಮಾಡಿ, ಫಲಿತಾಂಶ ಇಲ್ಲೇ ಹಾಕಿ.

ಬಣ್ಣ, ಸಕ್ಕರೆ ಇಲ್ಲದ 500 ಮಿ.ಗ್ರಾಂ ವಿಟಮಿನ್ ಸಿ ಮಾತ್ರೆಯನ್ನು ನೀರೊಳಗೇ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆ ಜಾಗ ಮಾತ್ರ ತಿಳಿಯಾದರೆ ಕಬ್ಬಿಣ. ಏನೂ ಆಗದಿದ್ದರೆ, ಸಾಕಷ್ಟು ದೂರದ ಇನ್ನೊಂದು ಕಲೆಯ ಮೇಲೆ ಕ್ಲೋರಿನ್ ಹರಳು ಉದುರಿಸಿ ನೋಡಿ. ಅಲ್ಲಿ ಮಸುಕಾದರೆ ಎಲೆ, ಪಾಚಿ, ಹೂವಿನಂಥ ಜೈವಿಕ ಕಲೆ. ಹರಳಿನ ಪರೀಕ್ಷೆ ಬಿಳಿ ಪ್ಲಾಸ್ಟರಿಗೆ ಮಾತ್ರ. ವಿನೈಲ್ ಲೈನರ್ ಇರುವವರು ಮಾಡಿದರೆ ಬಣ್ಣ ಹೋಗಿ ಬಿಳಿ ಮಚ್ಚೆ ಶಾಶ್ವತವಾಗಿ ಉಳಿಯುತ್ತದೆ. ಎರಡಕ್ಕೂ ಜಗ್ಗದ ನೀಲಿ-ಹಸಿರು ಅಥವಾ ಕಪ್ಪು ಕಲೆಯಾದರೆ ತಾಮ್ರ ಅಥವಾ ಮ್ಯಾಂಗನೀಸ್ ಬಗ್ಗೆ ಯೋಚಿಸಬೇಕು.

ಆ್ಯಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್, ಒಂದೇ ಚಮಚ, ಒಂದೇ ಬಟ್ಟೆ ಮುಟ್ಟಬಾರದು. ವಿಷಾನಿಲ ಏಳುತ್ತದೆ. ಕೆಲಸದವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಮನೆ 31
ನಮ್ಮದು ತಳದಲ್ಲಿ ಎಲೆಯ ಆಕಾರದಲ್ಲೇ ಕಂದು ಅಚ್ಚು. ಕ್ಲೋರಿನ್‌ಗೆ ಮಸುಕಾಯಿತು.

ಮನೆ 12
ಎಲೆಯ ಟ್ಯಾನಿನ್. ಬೋರ್‌ವೆಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ಕ್ಕೆ ತಂದು, ಕ್ಲೋರಿನ್ ಮಟ್ಟ ಏರಿಸಿ, ಕೆಲವು ದಿನ ನೈಲಾನ್ ಬ್ರಷ್‌ನಿಂದ ಉಜ್ಜಿ. ಉಕ್ಕಿನ ನಾರು ಮಾತ್ರ ಬೇಡ. ಮುರಿದ ಎಳೆಗಳು ತಳದಲ್ಲಿ ಕೂತು, ಇಲ್ಲದ ತುಕ್ಕನ್ನು ಹುಟ್ಟಿಸುತ್ತವೆ.

ಮನೆ 8
ಇಲ್ಲಿ ನೀಲಿ-ಹಸಿರು. ಹೀಟರ್‌ನಿಂದ ನೀರು ವಾಪಸ್ ಬರುವ ಬಾಯಿಯ ಸುತ್ತ ಜಾಸ್ತಿ. ಪಿಎಚ್ 6.8.

ಮನೆ 27
ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ) ಬುಟ್ಟಿಯಲ್ಲಿ ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆ ಇಡುತ್ತೀರಾ?

ಮನೆ 8
ಹೌದು.

ಮನೆ 27
ಹಾಗಿದ್ದರೆ ಹೀಟರ್ ಒಳಗಿನ ತಾಮ್ರದ ಕೊಳವೆ ಕರಗುತ್ತಿದೆ. ಟ್ರೈಕ್ಲೋರ್ ತೀರ ಆಮ್ಲೀಯ. ಪಂಪ್ ನಿಂತಾಗ ಸ್ಕಿಮ್ಮರ್‌ನಲ್ಲಿ ಆಮ್ಲೀಯ ನೀರು ಮಡುಗಟ್ಟಿ, ಪಂಪ್ ಶುರುವಾದೊಡನೆ ನೇರ ಹೀಟರ್‌ಗೆ ನುಗ್ಗುತ್ತದೆ. ಮಾತ್ರೆಗಳನ್ನು ಅಲ್ಲಿಂದ ಇವತ್ತೇ ತೆಗೆಯಿರಿ. ಮಾತ್ರೆ ಕರಗಿಸುವ ಫೀಡರ್ ಬೇಕೇ ಬೇಕೆಂದರೆ ಅದು ಹೀಟರ್ ದಾಟಿದ ಮೇಲಿರಬೇಕು. ಪಿಎಚ್ 7.4ರ ಆಸುಪಾಸು, ಕ್ಷಾರೀಯತೆ 80ರಿಂದ 120 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಇರಲಿ. ಪಾಚಿನಾಶಕದ ಡಬ್ಬಿ ಮೇಲೆ ಕಾಪರ್ ಸಲ್ಫೇಟ್ ಇದೆಯೇ ಎಂದೂ ನೋಡಿ. ಇದ್ದರೆ ಅದನ್ನೂ ನಿಲ್ಲಿಸಿ. ಮೂಲ ಮುಚ್ಚದೆ ಕಲೆ ತೆಗೆಯಲು ಹೋದರೆ ಸುಮ್ಮನೆ ಔಷಧಿ ದಂಡ.

ಮನೆ 19
ನಾಣ್ಯದಗಲದ ತುಕ್ಕು ಮಚ್ಚೆ, ಒಂದೇ ಒಂದು. ತೆಗೆದರೆ ಅಲ್ಲೇ ಮತ್ತೆ ಬರುತ್ತದೆ.

ಮನೆ 12
ಅದು ನೀರಿನ ಕಬ್ಬಿಣವಲ್ಲ. ಪ್ಲಾಸ್ಟರಿನ ಹಿಂದೆ ಸರಳಿನ ತುದಿಯೋ ಕಟ್ಟುತಂತಿಯೋ ತುಕ್ಕು ಹಿಡಿದಿದೆ. ಆ ಜಾಗ ಕೆತ್ತಿ, ಲೋಹವನ್ನು ಒಳಕ್ಕೆ ಕತ್ತರಿಸಿ, ಎಪಾಕ್ಸಿ ಹಚ್ಚಿ, ಪ್ಲಾಸ್ಟರ್ ತೇಪೆ ಹಾಕಿಸಬೇಕು. ಯಾವ ಪುಡಿಯೂ ಇದಕ್ಕೆ ಮದ್ದಲ್ಲ.

ಮನೆ 22
ನಮ್ಮದು, ಮನೆ 14, ಮನೆ 15 ಮೂರೂ ವಿಟಮಿನ್ ಸಿ ಮಾತ್ರೆಗೆ ಬೆಳ್ಳಗಾದವು. ಗೋಡೆಯೆಲ್ಲ ಚಹಾ ಬಣ್ಣ. ಮುಂದೇನು?

ಮನೆ 12
ಬೋರ್‌ವೆಲ್ ಕೇಸು ಎಂದರೆ ನಿಮ್ಮ ಮೂವರದ್ದು. ಇದನ್ನು ನಿವಾಸಿಗಳ ಸಂಘದ ಮುಂದೂ ಇಡೋಣ. ಕ್ರಮ ಹೀಗೆ.

ಕ್ಲೋರಿನ್ 1 ಪಿಪಿಎಂಗಿಂತ ಕೆಳಗೆ ಇಳಿಯಲಿ. ಹೊಸದಾಗಿ ಹಾಕದೆ ಬಿಸಿಲಿಗೆ ಬಿಟ್ಟರೆ ತಾನೇ ಇಳಿಯುತ್ತದೆ. ಪಿಎಚ್ 7.2ಕ್ಕೆ ತನ್ನಿ. ಕ್ಲೋರಿನ್ ಇಲ್ಲದ ದಿನಗಳಲ್ಲಿ ಪಾಚಿ ಹಬ್ಬದಂತೆ ತಾಮ್ರವಿಲ್ಲದ ಪಾಲಿಕ್ವಾಟ್ ಪಾಚಿನಾಶಕ ಹಾಕಿ. ಆಮೇಲೆ ಪಂಪ್ ಓಡುತ್ತಿರುವಾಗ ಆಸ್ಕಾರ್ಬಿಕ್ ಆಮ್ಲದ (ಅದೇ ವಿಟಮಿನ್ ಸಿ) ಪುಡಿಯನ್ನು ಸಾವಿರ ಲೀಟರಿಗೆ ಸುಮಾರು 12 ಗ್ರಾಂ ಲೆಕ್ಕದಲ್ಲಿ ಅಂಚಿನುದ್ದಕ್ಕೂ ಉದುರಿಸಿ. 50,000 ಲೀಟರ್ ಪೂಲ್‌ಗೆ 600 ಗ್ರಾಂ. ಒಂದೇ ಸಲ ಬೇಡ. ಅರ್ಧ ಹಾಕಿ, ಒಂದು ಗಂಟೆ ನೋಡಿ, ಉಳಿದ ಕಡೆಗೆ ಮಿಕ್ಕದ್ದು.

ಕ್ಲೋರಿನ್ ಇಳಿಸದೆ ಹಾಕಿದವರು ‘ಏನೂ ಪ್ರಯೋಜನವಿಲ್ಲ’ ಅನ್ನುತ್ತಾರೆ. ಕಾರಣ ಇಷ್ಟೇ: 1 ಪಿಪಿಎಂ ಕ್ಲೋರಿನ್ ಸುಮಾರು 2.5 ಪಿಪಿಎಂ ಆಸ್ಕಾರ್ಬಿಕ್ ಆಮ್ಲವನ್ನು ತಿಂದುಹಾಕುತ್ತದೆ. ಕಲೆಗೆ ಉಳಿಯುವುದೇನು?

ಕಲೆ ಹೋಯಿತೆಂದರೆ ಕಬ್ಬಿಣ ಹೋಯಿತೆಂದಲ್ಲ, ಕರಗಿ ನೀರಿಗೆ ಬಂದಿದೆ. ಕೂಡಲೇ ಎಚ್‌ಇಡಿಪಿ ಎಂಬ ರಾಸಾಯನಿಕ ಇರುವ ಲೋಹಬಂಧಕವನ್ನು (ಕರಗಿದ ಲೋಹ ಮತ್ತೆ ಗೋಡೆಗೆ ಕೂರದಂತೆ ಹಿಡಿದಿಡುವ ಔಷಧಿ) ಡಬ್ಬಿಯ ಮೇಲಿನ ಅಳತೆಯಂತೆ ಹಾಕಿ, ಒಂದು ದಿನ ಪೂರ್ತಿ ಫಿಲ್ಟರ್ ಓಡಿಸಿ. ನಂತರ ದ್ರವ ಕ್ಲೋರಿನ್ ಅನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ. ಉಳಿದ ಆಸ್ಕಾರ್ಬಿಕ್ ಆಮ್ಲ ಮೊದಮೊದಲು ಅದನ್ನು ನುಂಗುವುದರಿಂದ ಅಳತೆ ಸೊನ್ನೆಯೇ ತೋರಿಸುತ್ತದೆ. ಗಾಬರಿಯಾಗಿ ಶಾಕ್ ಡೋಸ್ (ಒಮ್ಮೆಗೇ ಭಾರಿ ಕ್ಲೋರಿನ್) ಸುರಿದರೆ ಎಲ್ಲ ಕಬ್ಬಿಣವೂ ಆಕ್ಸಿಡೀಕರಣಗೊಂಡು ಗೋಡೆಗೆ ಮರಳುತ್ತದೆ. ಈ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಪಿಎಚ್ ಏರಿಸಲು ಸೋಡಾ ಆ್ಯಶ್ ಕೂಡ ಬೇಡ, ಬಿದ್ದ ಜಾಗದಲ್ಲೇ ಕಲೆ ಕೂರುತ್ತದೆ. ರಿಟರ್ನ್ ನಳಿಕೆಯನ್ನು ಮೇಲ್ಮುಖ ಮಾಡಿ ನೀರು ಚಿಮ್ಮಿಸಿದರೆ ಪಿಎಚ್ ನಿಧಾನಕ್ಕೆ ತಾನೇ ಏರುತ್ತದೆ. ಕ್ಲೋರಿನ್ ಸರಿಯಾದ ಮಟ್ಟಕ್ಕೆ ಮರಳುವ ತನಕ ಮಕ್ಕಳನ್ನು ಇಳಿಸಬೇಡಿ.

ಮನೆ 5
ಲೋಹಬಂಧಕ ಹಾಕುತ್ತಾ ಹೋದರೆ ಸಾಲದೇ? ಬೋರ್‌ವೆಲ್ ವಿಷಯ ಸಂಘದ ತನಕ ಯಾಕೆ?

ಮನೆ 27
ಲೋಹಬಂಧಕ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಹೊರಗೆ ಹಾಕುವುದಿಲ್ಲ. ಕ್ಲೋರಿನ್ ಆ ಬಂಧಕವನ್ನೇ ದಿನೇದಿನೇ ಒಡೆದು ಫಾಸ್ಫೇಟ್ ಮಾಡುತ್ತದೆ, ಹಿಡಿತ ಸಡಿಲಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಹಾಕಬೇಕು.

ಲೆಕ್ಕ ನೋಡಿ. ನೀರಿನಲ್ಲಿ ಲೀಟರಿಗೆ 0.5 ಮಿ.ಗ್ರಾಂ ಕಬ್ಬಿಣವಿದ್ದರೆ 50,000 ಲೀಟರಿಗೆ 25 ಗ್ರಾಂ. 40 ಚದರ ಮೀಟರ್ ಪೂಲ್‌ನಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ ತಿಂಗಳಿಗೆ 6,000 ಲೀಟರ್ ಮರುತುಂಬಬೇಕು. ಅದರಿಂದ ಇನ್ನೂ 3 ಗ್ರಾಂ. ಆವಿಯಾಗುವುದು ನೀರು ಮಾತ್ರ, ಕಬ್ಬಿಣ ಅಲ್ಲೇ. ಹಾಗಾಗಿ ತುಂಬಿಸುವ ಪೈಪಿನಲ್ಲೇ ತಡೆಯಬೇಕು, ಮತ್ತು ಆ ಪೈಪು ಎಲ್ಲರದ್ದು.

ಈಗ ಮಾಡಬಹುದಾದ ಪರೀಕ್ಷೆ: ಬಿಳಿ ಬಕೆಟ್‌ನಲ್ಲಿ 20 ಲೀಟರ್ ಬೋರ್ ನೀರು ಹಿಡಿದು, ಒಂದು ಚಮಚ ದ್ರವ ಕ್ಲೋರಿನ್ ಹಾಕಿ, ಮಾರನೆಯ ದಿನ ನೋಡಿ. ಕೆಂಗಂದು ಗಷ್ಟು ಕೂತರೆ ಕಬ್ಬಿಣ, ಕಪ್ಪುಗಂದು ಬಂದರೆ ಮ್ಯಾಂಗನೀಸ್ ಕೂಡ ಇದೆ. ಪ್ರಯೋಗಾಲಯಕ್ಕೆ ಕಳಿಸುವಾಗ ಅವರೇ ಆಮ್ಲ ಹಾಕಿ ಕೊಡುವ ಬಾಟಲಿಯನ್ನೇ ಕೇಳಿ. ಮಾಮೂಲಿ ಬಾಟಲಿಯಲ್ಲಿ ಕಬ್ಬಿಣ ತಳಕ್ಕೆ ಇಳಿದು, ವರದಿಯಲ್ಲಿ ಕಡಿಮೆ ತೋರಿಸಬಹುದು. ವರದಿಯಲ್ಲಿ ‘ಒಟ್ಟು ಕಬ್ಬಿಣ’, ಮ್ಯಾಂಗನೀಸ್, ತಾಮ್ರ, ಗಡಸುತನ, ಪಿಎಚ್ ಇರಬೇಕು.

ಕಬ್ಬಿಣ ಲೀಟರಿಗೆ 0.3 ಮಿ.ಗ್ರಾಂ ದಾಟಿದ್ದರೆ ಸಂಘಕ್ಕೆ ನಮ್ಮ ಬೇಡಿಕೆ: ಪೂಲ್ ತುಂಬಿಸುವ ಲೈನಿಗೆ ಕ್ಲೋರಿನ್ ಡೋಸಿಂಗ್, ಅದರ ನಂತರ ಮ್ಯಾಂಗನೀಸ್ ಡಯಾಕ್ಸೈಡ್ ಮಾಧ್ಯಮದ ಫಿಲ್ಟರ್. ಬರೀ ಗಾಳಿಯಾಡಿಸುವ ತೊಟ್ಟಿ ಕಬ್ಬಿಣಕ್ಕೆ ಆದೀತು, ಮ್ಯಾಂಗನೀಸ್‌ಗೆ ಸಾಲದು. ಅಲ್ಲಿಯತನಕ ಮರುತುಂಬಲು ಛಾವಣಿಯ ಮಳೆನೀರು ವಾಸಿ. ಮೊದಲ ಮಳೆಯ ಕೊಳೆ ಬಿಟ್ಟು ಹಿಡಿಯಿರಿ. ತುಕ್ಕು ಹಿಡಿದ ತಗಡಿನ ಸೂರಿನಿಂದ ಮಾತ್ರ ಬೇಡ!

ಮನೆ 14
ಪೂರ್ತಿ ಖಾಲಿ ಮಾಡಿ ಟ್ಯಾಂಕರ್ ನೀರು ತುಂಬಿಸಿಬಿಡೋಣ ಅಂತಿದ್ದೆವು.

ಮನೆ 12
ಬೇಡ. ಅಂತರ್ಜಲ ಮೇಲಿರುವ ಕಾಲದಲ್ಲಿ ಖಾಲಿ ಪೂಲ್‌ನ ತೊಟ್ಟಿಯೇ ಮೇಲೆದ್ದು ಬಿರುಕು ಬಿಡಬಹುದು. ಮೂರನೇ ಒಂದು ಭಾಗ ಬದಲಿಸಿ. ಕಬ್ಬಿಣವಿಲ್ಲದ ನೀರಿನಿಂದ ಎರಡು ಸಲ ಹಾಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕಬ್ಬಿಣ ಹೊರಗೆ. ಟ್ಯಾಂಕರ್ ನೀರೂ ಯಾವುದೋ ಬೋರ್‌ವೆಲ್ಲಿನದೇ ಇರಬಹುದು, ಅದಕ್ಕೂ ಬಕೆಟ್ ಪರೀಕ್ಷೆ ಮಾಡಿಯೇ ತುಂಬಿಸಿ. ಹೊರಬಿಡುವ ನೀರಿನಲ್ಲಿ ಕ್ಲೋರಿನ್ ಸೊನ್ನೆ ಇರಲಿ. ಎಲ್ಲರೂ ಒಂದೇ ದಿನ ಬಿಟ್ಟರೆ ತಗ್ಗಿನ ಮನೆಗಳ ಮುಂದೆ ಚರಂಡಿ ಉಕ್ಕುತ್ತದೆ. ಮನೆ 14 ಶನಿವಾರ, ಮನೆ 15 ಭಾನುವಾರ, ಮನೆ 22 ಸೋಮವಾರ ಆಗಬಹುದೇ?

ಮನೆ 15
ಆಗಬಹುದು. ಆಸ್ಕಾರ್ಬಿಕ್ ಆಮ್ಲ ಮೂರು ಮನೆಗೂ ಒಟ್ಟಿಗೆ ತರಿಸುತ್ತೇನೆ, ಪೂಲ್‌ನ ಉದ್ದ, ಅಗಲ, ಸರಾಸರಿ ಆಳ ಕಳಿಸಿ.

ಮನೆ 27
ಪ್ರಯೋಗಾಲಯದ ಬಾಟಲಿ ನನ್ನ ಪಾಲಿಗಿರಲಿ. ಪಂಪ್ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯುತ್ತೇನೆ.

ಮನೆ 22
ಸೋಮವಾರ ಸರಿ. ನಮ್ಮದು ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಉಪ್ಪಿನ ಕ್ಲೋರಿನೇಟರ್, ಅದನ್ನೇನು ಮಾಡಲಿ?

ಮನೆ 12
ಕ್ಲೋರಿನ್ ಇಳಿಸುವ ದಿನವೇ ಅದರ ಸೆಲ್ (ಕ್ಲೋರಿನ್ ತಯಾರಾಗುವ ಭಾಗ) ಆಫ್ ಮಾಡಿ. ಆಸ್ಕಾರ್ಬಿಕ್ ಆಮ್ಲ ಮುಗಿದು, ದ್ರವ ಕ್ಲೋರಿನ್‌ನಿಂದ ಅಳತೆ 1 ಪಿಪಿಎಂನಲ್ಲಿ ನಿಂತ ಮೇಲೆ, ಕನಿಷ್ಠ ಶೇಕಡಾವಾರಿನಲ್ಲಿ ಮತ್ತೆ ಆನ್ ಮಾಡಿ.