ಅಪ್‌ಡೇಟ್: ಗುಲಾಬಿ ಎಲೆ ತೂತು ಮಾಡುತ್ತಿದ್ದ ಹುಳ ಸಿಕ್ಕಿತು

ಜಯನಗರದ ನಮ್ಮ ಮನೆ ಮುಂದಿನ ಗುಲಾಬಿ ಗಿಡಗಳ ಎಲೆಯೆಲ್ಲ ತೂತು, ಹಗಲಲ್ಲಿ ಒಂದು ಹುಳವೂ ಕಾಣಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗೆದ್ದಿದ್ದು "ಕತ್ತಲಾದ ಮೇಲೆ ಟಾರ್ಚ್ ಹಾಕಿ ನೋಡಿ" ಅಂದವರ ಸಲಹೆ. ರಾತ್ರಿ ಎಂಟರ ಹೊತ್ತಿಗೆ ನೋಡಿದರೆ ಕಂದು ದುಂಬಿಗಳು ಎಲೆಯಂಚು ಕಚ್ಚಿಕೊಂಡು ಕೂತಿದ್ದವು, ಒಂದೆರಡು ಅರಳುವ ಮೊಗ್ಗಿನೊಳಗೇ ತಲೆ ತೂರಿಸಿದ್ದವು. ಕೆಳಗೆ ಸೋಪು ನೀರಿನ ಬಕೆಟ್ ಹಿಡಿದು ಕೊಂಬೆ ಜೋರಾಗಿ ಅಲ್ಲಾಡಿಸಿದೆ. ಹೆಚ್ಚಿನವು ಹಾರಲೇ ಇಲ್ಲ, ಪಟಪಟ ಉದುರಿದವು. ದಿನಾ ರಾತ್ರಿ ಹೀಗೇ ಮಾಡಿದೆ. ಈಗ ಹೊಸ ಚಿಗುರು ತೂತಿಲ್ಲದೆ ಬರ್ತಾ ಇದೆ.

ಹಳದಿ ಅಂಟು ಹಾಳೆಗೆ ಬಿಳಿನೊಣ ಬಿಟ್ಟರೆ ಬೇರೇನೂ ಸಿಗಲಿಲ್ಲ. ಬೇವಿನೆಣ್ಣೆ ಹೊಡೆದ ಎಲೆಯನ್ನೂ ತಿಂದವು. ಆಮೇಲೆ ಗೊತ್ತಾಗಿದ್ದು ನಿಜಕ್ಕೂ ಆಶ್ಚರ್ಯ: ಈ ಜಾತಿಯ ಕೆಲವು ದುಂಬಿಗಳಿಗೆ ಬೇವಿನ ಎಲೆಯೇ ಊಟ! ನಮ್ಮ ಗೇಟಿನ ಪಕ್ಕದ ಬೇವಿನ ಮರದ ಮೇಲೂ ಅವೇ ಇದ್ದವು.

ಇವುಗಳ ಮರಿಯೇ ಮಣ್ಣಲ್ಲಿ ಬೇರು ತಿನ್ನುವ ಗೊಣ್ಣೆಹುಳು. ಕುಂಡದ ಮಣ್ಣು ಕೆದಕಿದಾಗ ಬಿಳಿ ಮೈ, ಕಂದು ತಲೆ, ಬಿಲ್ಲಿನಂತೆ ಬಾಗಿದ ಹುಳು ಸಿಕ್ಕವು, ಆರಿಸಿ ತೆಗೆದೆ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಬೆರೆಸಿ ಬುಡಕ್ಕೆ ಹಾಕಿದ್ದೀನಿ, ಅದು ನಿಧಾನದ ಮದ್ದು. ಹಸಿ ಸಗಣಿ ಗೊಬ್ಬರ ಮಾತ್ರ ಹಾಕಬೇಡಿ, ಮೊಟ್ಟೆಯಿಡಲು ದುಂಬಿ ಅಲ್ಲಿಗೇ ಬರುತ್ತದೆ. ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆಯಿಂದಲೇ ಟಾರ್ಚ್ ತಗೊಂಡು ಹೊರಡಿ, ಮಣ್ಣಿಂದ ಅವು ಏಳೋದು ಆಗಲೇ.